ಮಸಿ ಬದಲಾದರೆ ಕೈಯೂ ಬದಲಾಗಬೇಕು

ಮಸಿ ಮಾಡುವುದು ಅಂಥ ಕಷ್ಟದ ಕೆಲಸವೇನಲ್ಲ. ಕಾಗದದ ಮೇಲೆ ಕಾಣುವಂಥ ಒಂದು ಬಣ್ಣ, ಅದನ್ನು ಅಲ್ಲೇ ಹಿಡಿದಿಡುವ ಒಂದು ಅಂಟು, ಎರಡೂ ಹರಿಯುವಷ್ಟು ನೀರು. ಮೂರೂ ಸೇರಿದರೆ ಮಸಿ ಆಯಿತು. ಕಷ್ಟ ಇರುವುದು ಆಮೇಲೆ. ಆ ಮಸಿಯಲ್ಲಿ ಅಗಲ ಮೊನೆಯ ಪೆನ್ನು ಅದ್ದಿ ಒಂದು ದೊಡ್ಡ 'ರ' ಬರೆದು ನೋಡಿ. ಒಂದೋ ಗೆರೆ ಅರ್ಧಕ್ಕೇ ಒಣಗಿ ನಿಲ್ಲುತ್ತದೆ, ಇಲ್ಲವೇ ಅಂಚಿನಿಂದ ಸಣ್ಣ ಸಣ್ಣ ಬೇರು ಬಿಟ್ಟುಕೊಂಡು ಕಾಗದದೊಳಗೆ ಹಬ್ಬುತ್ತದೆ.

ನಾನು ಕ್ಯಾಲಿಗ್ರಫಿ ಕಲಿಯಲು ಶುರು ಮಾಡಿದ್ದು ಬಾಟಲಿ ಶಾಯಿಯಲ್ಲೇ. ಅದು ಯಾವಾಗ ತೆಗೆದರೂ ಒಂದೇ ಥರ ಹರಿಯುತ್ತದೆ. ಹಾಗಾಗಿ ಅಕ್ಷರ ಕೆಟ್ಟರೆ ಕೈಯನ್ನೇ ಬೈದುಕೊಳ್ಳುವುದು ರೂಢಿಯಾಗಿತ್ತು. ಸ್ವಂತ ಮಸಿ ಮಾಡಲು ಕೂತ ಮೇಲೆ ಗೊತ್ತಾಯಿತು, ಪ್ರತಿ ಮಸಿಗೂ ಅದರದೇ ಒಂದು ನಡಿಗೆ ಇದೆ. ಅಕ್ಷರದ ಅರ್ಧ ಹೊಣೆ ಮಸಿಯದ್ದು.

ಮೊದಲು ಮಾಡಿದ್ದು ಕಾಡಿಗೆ ಮಸಿ. ಹಣತೆಗೆ ಎಣ್ಣೆ ಹಾಕಿ, ಬತ್ತಿಯನ್ನು ಬೇಕೆಂದೇ ಉದ್ದಕ್ಕೆ ಎಳೆದು ಹಚ್ಚಿದೆ. ಬೆಳಕಿಗಾದರೆ ಬತ್ತಿ ಗಿಡ್ಡ ಇರಬೇಕು. ಇಲ್ಲಿ ನಮಗೆ ಬೇಕಿರುವುದು ಕೆಟ್ಟದಾಗಿ ಉರಿಯುವ ದೀಪ. ಗಾಳಿ ಸಾಲದೆ ಎಣ್ಣೆ ಅರೆಬರೆ ಉರಿದಾಗಲೇ ಕಾಡಿಗೆ ಏಳುವುದು. ತಣ್ಣೀರು ತುಂಬಿದ ಪಿಂಗಾಣಿ ಬಟ್ಟಲನ್ನು ಜ್ವಾಲೆಯ ತುದಿ ತಾಗುವಷ್ಟು ಎತ್ತರದಲ್ಲಿ ನಿಲ್ಲಿಸಿದೆ. ತಣ್ಣಗಿನ ತಳಕ್ಕೆ ಕಾಡಿಗೆ ಬೇಗ ಕೂರುತ್ತದೆ. ಬಟ್ಟಲು ತೀರಾ ಕೆಳಗಿದ್ದರೆ ಜ್ವಾಲೆ ಒತ್ತಿಹೋಗಿ ಜಿಡ್ಡು ಜಾಸ್ತಿಯಾಗುತ್ತದೆ. ತೀರಾ ಮೇಲಿದ್ದರೆ ಕಾಡಿಗೆಯೆಲ್ಲ ಗಾಳಿಪಾಲು.

ಆಗಾಗ ದೀಪ ಸರಿಸಿ, ಬಟ್ಟಲಿನ ತಳವನ್ನು ಕೋಳಿಗರಿಯಿಂದ ಮೆಲ್ಲಗೆ ಗುಡಿಸಿ ಕಾಗದದ ಮೇಲೆ ಉದುರಿಸಿಕೊಳ್ಳಬೇಕು. ಆ ಹೊತ್ತಿಗೆ ಫ್ಯಾನ್ ಬೇಡ, ಜೋರು ಉಸಿರೂ ಬೇಡ. ಮಾಸ್ಕ್ ಹಾಕಿಕೊಂಡರೆ ಒಳ್ಳೆಯದು, ಈ ಪುಡಿ ಶ್ವಾಸಕೋಶಕ್ಕೆ ಹೋಗುವಂಥದ್ದಲ್ಲ. ಇನ್ನೊಂದು ಮಾತು. ಒಂದು ಲೋಟದ ತುಂಬ ಕಾಡಿಗೆ ಕೂಡಿತು ಎಂದು ಖುಷಿಪಟ್ಟು ತಕ್ಕಡಿಗೆ ಹಾಕಿದರೆ ಕೆಲವೇ ಗ್ರಾಂ ತೂಗುತ್ತದೆ. ಅಷ್ಟು ಹಗುರ ಅದು. ಸಂಜೆಯೆಲ್ಲ ದೀಪದ ಮುಂದೆ ಕೂತರೂ ಸಣ್ಣ ಬಾಟಲಿಗೆ ಆಗುವಷ್ಟೇ ಸಿಗುತ್ತದೆ.

ಹೀಗೆ ಹಿಡಿದ ಕಾಡಿಗೆಯಲ್ಲಿ ಸುಡದ ಎಣ್ಣೆ ಇನ್ನೂ ಉಳಿದಿರುತ್ತದೆ. ಅದನ್ನು ತೆಗೆಯದಿದ್ದರೆ ಮಸಿ ಕಾಗದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಸಣ್ಣ ಮಣ್ಣಿನ ಕುಡಿಕೆಯಲ್ಲಿ ಕಾಡಿಗೆಯನ್ನು ಒತ್ತಿ ತುಂಬಿ, ಮುಚ್ಚಳ ಹಾಕಿ ಕೆಂಡದ ಮೇಲೆ ಇಟ್ಟೆ. ಅಂಚಿನಿಂದ ಕಮಟು ಹೊಗೆ ಬಂತು. ಅದು ಪೂರ್ತಿ ನಿಂತ ಮೇಲೆ ಇಳಿಸಿದೆ. ಕುಡಿಕೆ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಬಾರದು. ಬಿಸಿ ಕಾಡಿಗೆಗೆ ಗಾಳಿ ಸೋಕಿದರೆ ಅದು ಅಲ್ಲೇ ಉರಿದು ಮುಗಿಯುತ್ತದೆ.

ಅಂಟಿಗೆ ಜಾಲಿ ಜಾತಿಯ ಮರದ ಗೋಂದು. ಒಂದು ಪಾಲು ಗೋಂದಿಗೆ ಎರಡು ಪಾಲು ಬೆಚ್ಚನೆ ನೀರು ಹಾಕಿ ರಾತ್ರಿಯಿಡೀ ನೆನೆಸಿದರೆ ಬೆಳಿಗ್ಗೆಗೆ ಕರಗಿರುತ್ತದೆ. ತೊಗಟೆ ಚೂರು, ಮರಳು ಎಲ್ಲ ಬಟ್ಟೆಯಲ್ಲಿ ಸೋಸಿ ತೆಗೆಯಬೇಕು. ಕಾಡಿಗೆಗೆ ಗೋಂದು ಎಷ್ಟು ಹಾಕಬೇಕೆಂಬುದು ಹಳೆಯ ಪ್ರಶ್ನೆ. 1ನೇ ಶತಮಾನದ ಗ್ರೀಕ್ ವೈದ್ಯ ಡಯೊಸ್ಕೊರಿಡೀಸ್ ಮೂರು ಪಾಲು ಕಾಡಿಗೆಗೆ ಒಂದು ಪಾಲು ಗೋಂದು ಎಂದು ಬರೆದಿದ್ದಾನೆ. ನನ್ನ ಕಾಗದಕ್ಕೆ ಗೋಂದು ಇನ್ನೂ ಸ್ವಲ್ಪ ಜಾಸ್ತಿ ಬೇಕಾಯಿತು. ಪರೀಕ್ಷೆ ಸುಲಭ. ಒಂದು ಗೆರೆ ಎಳೆದು ಪೂರ್ತಿ ಒಣಗಲು ಬಿಡಿ, ಬೆರಳಲ್ಲಿ ಉಜ್ಜಿ. ಬೆರಳು ಕಪ್ಪಾದರೆ ಗೋಂದು ಸಾಲದು. ಗೆರೆ ಮಿರಿಮಿರಿ ಹೊಳೆದು, ಕಾಗದ ಮಡಿಸಿದಾಗ ಸಿಡಿದರೆ ಗೋಂದು ಹೆಚ್ಚಾಗಿದೆ.

ಇನ್ನು ಅರೆಯುವ ಕೆಲಸ. ಕಾಡಿಗೆಯನ್ನು ನೀರಿಗೆ ಹಾಕಿದರೆ ನೆನೆಯುವುದೇ ಇಲ್ಲ, ಮೇಲೆ ತೇಲುತ್ತಾ ಕೂರುತ್ತದೆ. ಚಮಚದಲ್ಲಿ ಮುಳುಗಿಸಿದರೆ ಒಣಗಿದ ಹಾಗೆಯೇ ಮತ್ತೆ ಮೇಲೆ ಬರುತ್ತದೆ. ಅದಕ್ಕೇ ಮೊದಲು ನೀರು ಬೇಡ. ಗಾಜಿನ ಹಲಗೆಯ ಮೇಲೆ ಕಾಡಿಗೆ ಗುಡ್ಡೆ ಹಾಕಿ, ನಡುವೆ ಗುಳಿ ಮಾಡಿ, ಗಟ್ಟಿ ಗೋಂದನ್ನು ತೊಟ್ಟು ತೊಟ್ಟಾಗಿ ಬಿಟ್ಟೆ. ಎರಡು ಹನಿ ಸ್ಪಿರಿಟ್ ಸೇರಿಸಿದರೆ ಬೇಗ ಒಗ್ಗಿಕೊಳ್ಳುತ್ತದೆ. ಆಮೇಲೆ ಚಪ್ಪಟೆ ತಳದ ಗಾಜಿನ ಗುಂಡಿನಲ್ಲಿ ಅರೆಯುತ್ತಾ ಹೋಗುವುದು. ಮೊದಮೊದಲು ಕರಕರ ಸದ್ದು. ಗುಂಡಿನ ಅಡಿಯಲ್ಲಿ ಬೂದು ಬಣ್ಣದ ಗೆರೆಗಳು ಕಾಣುತ್ತವೆ. ಅರೆದಷ್ಟೂ ಸದ್ದು ಸಣ್ಣದಾಗುತ್ತದೆ. ಒಂದು ಹಂತದಲ್ಲಿ ಗುಂಡು ಹಲಗೆಗೆ ಕಚ್ಚಿಕೊಂಡ ಹಾಗೆ ಎಳೆಯುತ್ತದೆ, ಮುದ್ದೆಗೆ ಒಂದು ಹೊಳಪು ಬರುತ್ತದೆ. ಅಲ್ಲಿಂದಾಚೆಗೇ ನೀರು. ಒಂದು ಹನಿ ಮಸಿಯನ್ನು ನೀರಿನ ಲೋಟಕ್ಕೆ ಬಿಟ್ಟು ನೋಡಿದೆ. ಹೊಗೆಯ ಹಾಗೆ ಹರಡಿಕೊಂಡರೆ ಅರೆದದ್ದು ಸಾಕು. ಕಪ್ಪು ಚುಕ್ಕೆಗಳು ತಳಕ್ಕಿಳಿದರೆ ಇನ್ನೂ ಬಾಕಿ ಇದೆ. ತೋಳು ನೋಯುತ್ತದೆ, ಬೇರೆ ದಾರಿಯಿಲ್ಲ.

ಇಷ್ಟೆಲ್ಲ ಅರೆದರೂ ಕಾಡಿಗೆ ನೀರಲ್ಲಿ ಕರಗಿರುವುದಿಲ್ಲ. ಕಣಗಳು ಒಂದಕ್ಕೊಂದು ಅಂಟದ ಹಾಗೆ ಗೋಂದು ಅವುಗಳನ್ನು ಸುತ್ತಿ ತೇಲಿಸಿಟ್ಟಿರುತ್ತದೆ, ಅಷ್ಟೆ. ಅದಕ್ಕೇ ಬರೆಯುವ ಮೊದಲು ಬಾಟಲಿ ಮೆಲ್ಲಗೆ ಅಲ್ಲಾಡಿಸಬೇಕು. ಇದರ ದೊಡ್ಡ ಗುಣ ಎಂದರೆ ಬಣ್ಣ ಮಾಸುವುದಿಲ್ಲ. ಇಂಗಾಲಕ್ಕೆ ಬೆಳಕಿನಿಂದಾಗಲಿ ಗಾಳಿಯಿಂದಾಗಲಿ ಏನೂ ಆಗುವುದಿಲ್ಲ. ಮೃತ ಸಮುದ್ರದ ಹತ್ತಿರದ ಗುಹೆಗಳಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಸುರುಳಿಗಳಲ್ಲಿ ಹೆಚ್ಚಿನವು ಕಾಡಿಗೆ ಮಸಿಯವೇ. ಇವತ್ತಿಗೂ ಕಪ್ಪಾಗಿ ಓದಿಸಿಕೊಳ್ಳುತ್ತವೆ. ಆದರೆ ಈ ಮಸಿ ಕಾಗದದ ಮೇಲೆ ಕೂರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಒದ್ದೆ ಬೆರಳು ತಾಗಿದರೆ ಕಲೆಸಿಹೋಗುತ್ತದೆ.

ಲೇಖನಿಗೆ ಒಣಗಿದ ಬಿದಿರಿನ ಕಡ್ಡಿ, ಕಿರುಬೆರಳಿನ ದಪ್ಪದ್ದು. ತುದಿಯನ್ನು ಓರೆಯಾಗಿ ಉದ್ದಕ್ಕೆ ಕತ್ತರಿಸಿ, ಒಳಗಿನ ಮೆದು ಭಾಗ ಕೆರೆದು, ಹೊರಗಿನ ಗಟ್ಟಿ ಪದರ ಮಾತ್ರ ಉಳಿಸಿಕೊಳ್ಳಬೇಕು. ಎರಡೂ ಬದಿ ಕೆತ್ತಿ ಮೊನೆಯನ್ನು 4 ಮಿ.ಮೀ.ಗೆ ಇಳಿಸಿದೆ. ನಡುವೆ ಒಂದು ಸೀಳು. ಸೀಳು ಮೇಲಕ್ಕೆ ಓಡದ ಹಾಗೆ ಅದರ ತುದಿಯಲ್ಲಿ ಸೂಜಿಯಿಂದ ಸಣ್ಣ ತೂತು. ಕೊನೆಗೆ ಗಟ್ಟಿ ಹಲಗೆಯ ಮೇಲಿಟ್ಟು ಹರಿತ ಚಾಕುವಿನಿಂದ ಒಂದೇ ಒತ್ತಿಗೆ ಮೊನೆ ಕತ್ತರಿಸಬೇಕು. ಅಂಚು ಎಷ್ಟು ನೇರವಾಗಿ ಬರುತ್ತದೋ ಗೆರೆಯೂ ಅಷ್ಟೇ ಚೊಕ್ಕ.

ಆ ಸೀಳಿನ ಸಂದಿಯೇ ಮಸಿಯನ್ನು ಕೆಳಗೆ ಎಳೆದುಕೊಳ್ಳುವುದು. ಮಸಿ ಮಂದವಾದರೆ ಸಂದಿಯಲ್ಲಿ ಇಳಿಯುವುದಿಲ್ಲ, ನೀರಾದರೆ ದಬಕ್ಕನೆ ಸುರಿಯುತ್ತದೆ. ಅದ್ದುವಾಗ ಜಾಸ್ತಿ ಮಸಿ ಬರುವುದನ್ನು ತಡೆಯಲು ಅರಬ್ಬಿ ಕ್ಯಾಲಿಗ್ರಫಿಯವರು ಒಳ್ಳೆಯ ಉಪಾಯ ಕಂಡುಕೊಂಡಿದ್ದಾರೆ. ಮಸಿಕುಡಿಕೆಯೊಳಗೆ ರೇಷ್ಮೆ ಎಳೆಗಳನ್ನು ತುಂಬಿಡುತ್ತಾರೆ. ಎಳೆಗಳು ಮಸಿಯನ್ನು ಹೀರಿಕೊಂಡಿರುತ್ತವೆ, ಲೇಖನಿಯನ್ನು ಅದಕ್ಕೆ ಒತ್ತಿದರೆ ಬೇಕಾದಷ್ಟೇ ಬರುತ್ತದೆ. ಮೊನೆ ಕುಡಿಕೆಯ ತಳಕ್ಕೆ ಬಡಿದು ಹಾಳಾಗುವುದೂ ತಪ್ಪುತ್ತದೆ. ನಾನೂ ಅದನ್ನೇ ಮಾಡಿದೆ, ಕುಡಿಕೆ ಮಗುಚಿದರೂ ಮಸಿ ಚೆಲ್ಲುವುದಿಲ್ಲ ಎಂಬುದು ಬೋನಸ್.

ಈಗ ಅಕ್ಷರ. ಅಗಲ ಮೊನೆಯ ಬರವಣಿಗೆಯಲ್ಲಿ ಅಳತೆಗೋಲು ಮೊನೆಯೇ. 10ನೇ ಶತಮಾನದ ಬಾಗ್ದಾದಿನಲ್ಲಿದ್ದ ಇಬ್ನ್ ಮುಕ್ಲಾ ಅರಬ್ಬಿ ಅಕ್ಷರಗಳ ಅಳತೆಯನ್ನೆಲ್ಲ ಲೇಖನಿ ಒತ್ತಿದಾಗ ಮೂಡುವ ಚೌಕ ಚುಕ್ಕೆಗೆ ಕಟ್ಟಿದ ಎಂದು ಹೇಳುತ್ತಾರೆ. 20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜಾನ್‌ಸ್ಟನ್ ಹಳೆಯ ಹಸ್ತಪ್ರತಿಗಳನ್ನು ನೋಡಿ ಈ ಬರವಣಿಗೆಗೆ ಮತ್ತೆ ಜೀವ ಕೊಟ್ಟ. ಅವನು ಕಲಿಸಿದ ರೋಮನ್ ಲಿಪಿಯ ಕ್ರಮದಲ್ಲಿ ಸಣ್ಣಕ್ಷರದ ಎತ್ತರ ನಾಲ್ಕು ಮೊನೆಯಗಲ, ಮೊನೆ ಹಿಡಿಯುವ ಓರೆ 30 ಡಿಗ್ರಿ. ನಾನು ಕನ್ನಡಕ್ಕೂ 30 ಡಿಗ್ರಿಯನ್ನೇ ಇಟ್ಟುಕೊಂಡೆ, ಎತ್ತರ ಮಾತ್ರ ಐದು ಮೊನೆಯಗಲ ಮಾಡಿದೆ. ನಮ್ಮ ಅಕ್ಷರದ ಹೊಟ್ಟೆಯಲ್ಲಿ ಸುಳಿಗಳಿರುತ್ತವೆ, ಅವು ಮುಚ್ಚಿಹೋಗಬಾರದು ನೋಡಿ.

'ರ' ಬರೆಯುತ್ತಾ ಕೂತರೆ ಈ ಮೊನೆಯ ಗುಟ್ಟೆಲ್ಲ ಬಿಟ್ಟುಕೊಡುತ್ತದೆ. ಬಾಲ್‌ಪೆನ್ನಿನಲ್ಲಾದರೆ ನಾವು ಕೈ ಎತ್ತದೆ ಒಂದೇ ಸುತ್ತಿನಲ್ಲಿ ಬರೆದುಬಿಡುತ್ತೇವೆ. ಅಗಲ ಮೊನೆಯನ್ನು ಮೇಲಕ್ಕೆ ತಳ್ಳಲು ಬರುವುದಿಲ್ಲ. ಕಾಗದಕ್ಕೆ ಸಿಕ್ಕಿಕೊಂಡು ಮಸಿ ಸಿಡಿಯುತ್ತದೆ. ಎಳೆಯಬಹುದು ಅಷ್ಟೆ. ಹಾಗಾಗಿ ದುಂಡನ್ನು ಎರಡು ಹೋಳಾಗಿ ಬರೆಯಬೇಕು. ಗಡಿಯಾರದಲ್ಲಿ 11 ಇರುವ ಜಾಗದಿಂದ ಹೊರಟು ಎಡಕ್ಕೆ ಬಳಸಿ 5ರ ಹತ್ತಿರ ನಿಲ್ಲಿಸುವುದು. ಮತ್ತೆ 11ಕ್ಕೆ ಬಂದು ಬಲಕ್ಕೆ ಬಳಸಿ 5ಕ್ಕೆ ಸೇರಿಸುವುದು. 11 ಮತ್ತು 5ರಲ್ಲಿ ಗೆರೆ ಕೂದಲೆಳೆಯಷ್ಟು ತೆಳು, 2 ಮತ್ತು 8ರಲ್ಲಿ ಪೂರ್ತಿ ದಪ್ಪ. ಇದನ್ನು ನಾವು ಒತ್ತಿ ಬಿಟ್ಟು ಮಾಡುವುದಲ್ಲ. ಮೊನೆಯ ಓರೆ ಬದಲಾಗದಿದ್ದರೆ ತಾನಾಗಿಯೇ ಬರುತ್ತದೆ. ತಲೆಕಟ್ಟಿನ ಅಡ್ಡ ಗೆರೆ ಮೊನೆಯ ಅರ್ಧದಷ್ಟು ದಪ್ಪ, ಬಲಕ್ಕೆ ಏಳುವ ಅದರ ಬಾಲ ತೀರಾ ತೆಳು.

ಕಾಡಿಗೆ ಮಸಿ ತನ್ನ ಸ್ವಭಾವ ತೋರಿಸುವುದು ಈ ಬಾಲದಲ್ಲೇ. ಗೋಂದು ಸ್ವಲ್ಪ ಹೆಚ್ಚಾಗಿದ್ದರೆ ಹೊಟ್ಟೆಯ ದಪ್ಪ ಗೆರೆ ಚೆನ್ನಾಗಿ ಬಂದು, ಬಾಲಕ್ಕೆ ಬರುವಷ್ಟರಲ್ಲಿ ಮಸಿ ಕಡಿದುಹೋಗುತ್ತದೆ. ಈ ಮಸಿಗೆ ಕೈ ನಿಧಾನ ಬೇಕು. ಗೆರೆ ಶುರುವಾಗುವಲ್ಲಿ ಒಂದು ಕ್ಷಣ ಮೊನೆ ಊರಿ, ಮಸಿ ಇಳಿದದ್ದು ಕಂಡ ಮೇಲೇ ಎಳೆಯಬೇಕು. ಇದಕ್ಕೆ ಪ್ರತಿಯಾಗಿ ಅದು ಒಂದು ಉಪಕಾರ ಮಾಡುತ್ತದೆ. ಎರಡು ಹೋಳು ಸೇರಿದ ಜಾಗ ಎಲ್ಲೆಂದು ಹುಡುಕಿದರೂ ಸಿಗುವುದಿಲ್ಲ. ಕಪ್ಪಿನ ಮೇಲೆ ಕಪ್ಪು, ಅಲ್ವಾ?

ಎರಡನೆಯದು ಮಾಚಿಕಾಯಿ ಮಸಿ. ಮಾಚಿಕಾಯಿ ಎಂದರೆ ಕಾಯಿಯಲ್ಲ. ಓಕ್ ಮರದ ಮೊಗ್ಗಿನಲ್ಲಿ ಒಂದು ಪುಟ್ಟ ಕಣಜ ಮೊಟ್ಟೆ ಇಟ್ಟರೆ ಮರ ಅದರ ಸುತ್ತ ಕಟ್ಟುವ ಗಂಟು. ಗೋಲಿಯಷ್ಟು ದಪ್ಪ, ಮೈಮೇಲೆ ಮೊಟಕು ಮುಳ್ಳು. ಕೆಲವದರಲ್ಲಿ ಗುಂಡುಸೂಜಿ ತೂರುವಷ್ಟು ತೂತು ಇರುತ್ತದೆ, ಕಣಜ ಹೊರಬಿದ್ದ ದಾರಿ ಅದು. ತೂತಿಲ್ಲದ ಕಾಯಿಗಳಲ್ಲಿ ಒಗರು, ಅಂದರೆ ಟ್ಯಾನಿನ್, ಜಾಸ್ತಿ. ಮಾಚಿಕಾಯಿ ಸಿಗದಿದ್ದರೆ ಅಣಿಲೆಕಾಯಿ ಅಥವಾ ದಾಳಿಂಬೆ ಸಿಪ್ಪೆಯಲ್ಲೂ ಆಗುತ್ತದೆ. ಎಲ್ಲದರಲ್ಲೂ ಬೇಕಿರುವುದು ಅದೇ ಒಗರು.

30 ಗ್ರಾಂ ಮಾಚಿಕಾಯಿಯನ್ನು ಕುಟ್ಟಿ ತರಿಯಾಗಿ ಪುಡಿ ಮಾಡಿ, ಗಾಜಿನ ಪಾತ್ರೆಯಲ್ಲಿ ಕಾಲು ಲೀಟರ್ ನೀರಿಗೆ ಹಾಕಿ ಕೆಲವು ದಿನ ಹಾಗೇ ಬಿಟ್ಟೆ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ಬೇಡ. ನೀರಿನ ಮೇಲೆ ಬೂಸ್ಟು ಕಟ್ಟಿದರೆ ಎಸೆಯಬೇಡಿ, ಅದು ಕೆಲಸ ಮಾಡುತ್ತಿದೆ ಎಂದರ್ಥ. ಬೂಸ್ಟು ಟ್ಯಾನಿನ್ನನ್ನು ಒಡೆದು ಗ್ಯಾಲಿಕ್ ಆಮ್ಲ ಮಾಡುತ್ತದೆ, ಮಸಿ ಇನ್ನೂ ಕಪ್ಪಾಗುವುದು ಅದರಿಂದಲೇ. ಅವಸರವಿದ್ದರೆ ಕುದಿಸಲೂಬಹುದು. ಸೋಸಿದ ಮೇಲೆ ಉಳಿಯುವುದು ತೆಳು ಕಂದು ನೀರು.

ಅದಕ್ಕೆ 10 ಗ್ರಾಂ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್. ಅನ್ನಭೇದಿ ತಿಳಿ ಹಸಿರು ಹರಳುಗಳಾಗಿರಬೇಕು. ಕಂದು ತಿರುಗಿದ್ದರೆ ಅದು ಆಗಲೇ ಗಾಳಿ ಕುಡಿದಿದೆ, ಬೇಡ. ಹರಳುಗಳನ್ನು ಬೇರೆ ನೀರಿನಲ್ಲಿ ಕರಗಿಸಿ ಹುಯ್ದೆ. ಹುಯ್ದ ಜಾಗದಿಂದ ನೇರಳೆಗಪ್ಪು ಮೋಡ ಎದ್ದು ಕ್ಷಣದಲ್ಲಿ ಪಾತ್ರೆ ತುಂಬಿತು. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗದ ದೃಶ್ಯ ಇದು. ಕೊನೆಗೆ 5 ಗ್ರಾಂ ಗೋಂದು, ಬೂಸ್ಟು ಮತ್ತೆ ಬರದಿರಲು ಒಂದು ಹನಿ ಲವಂಗದ ಎಣ್ಣೆ. ಕೈಗವಸು ಹಾಕಿಕೊಳ್ಳಿ. ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ.

ಇದರಲ್ಲಿ ಬರೆಯುವ ಅನುಭವವೇ ಬೇರೆ. ಪಾತ್ರೆಯಲ್ಲಿ ಕಪ್ಪಗೆ ಕಂಡ ಮಸಿ ಕಾಗದದ ಮೇಲೆ ಮಾಸಲು ಬೂದಿ ಬಣ್ಣ! ಬರೆದು ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಹಿಂದಿನ ಸಾಲು ಕಪ್ಪಾಗಲು ಶುರುವಾಗಿರುತ್ತದೆ. ಒಂದೆರಡು ದಿನ ಕಳೆದರೆ ಗಾಢ ಕಪ್ಪು. ಮಸಿಯಲ್ಲಿ ಕಬ್ಬಿಣವೂ ಗ್ಯಾಲಿಕ್ ಆಮ್ಲವೂ ಸೇರಿ ನೀರಲ್ಲಿ ಕರಗಿರುತ್ತವೆ. ಕಾಗದದ ನಾರಿನೊಳಗೆ ಇಳಿದು ಗಾಳಿ ತಾಗಿದ ಮೇಲೆ ನೀರಲ್ಲಿ ಕರಗದ ಕಪ್ಪು ವಸ್ತುವಾಗಿ ಅಲ್ಲೇ ನಿಲ್ಲುತ್ತವೆ. ಅದಕ್ಕೇ ನೀರು ಬಿದ್ದರೂ ಕದಲುವುದಿಲ್ಲ. ಕಂಪನಿಗಳು ಇದೇ ಥರದ ಶಾಯಿ ಮಾಡುವಾಗ ಬರೆದದ್ದು ಕೂಡಲೇ ಕಾಣಲಿ ಎಂದು ನೀಲಿ ಬಣ್ಣ ಬೆರೆಸಿದವು. 'ಬ್ಲೂ ಬ್ಲ್ಯಾಕ್' ಶಾಯಿ ಬಂದದ್ದು ಹಾಗೆ.

ಮನೆಯಲ್ಲಿ ಮಾಡಿದ್ದಕ್ಕೆ ನೀಲಿ ಎಲ್ಲಿಂದ ಬರಬೇಕು? ಹಾಗಾಗಿ ಬರೆಯುವಾಗ ಕಣ್ಣಿಗಿಂತ ಕೈಯನ್ನೇ ನಂಬಬೇಕು. 'ರ'ದ ಎರಡನೇ ಹೋಳನ್ನು ಸೇರಿಸುವಾಗ ಮೊದಲ ಹೋಳಿನ ಕೂದಲೆಳೆ ಕಂಡೂ ಕಾಣದ ಹಾಗಿರುತ್ತದೆ. ನಾನು ದೀಪವನ್ನು ಪಕ್ಕಕ್ಕಿಟ್ಟುಕೊಂಡು, ಗೆರೆಯ ಒದ್ದೆ ಹೊಳಪು ನೋಡಿ ಸೇರಿಸುವುದನ್ನು ರೂಢಿ ಮಾಡಿಕೊಂಡೆ. ಹೊಳಪು ಆರುವ ಮೊದಲು ಸೇರಿಸಬೇಕಾದ್ದರಿಂದ ಕೈ ತಾನೇ ಚುರುಕಾಯಿತು. ಮಸಿ ನೀರಿನಷ್ಟೇ ತೆಳು, ತಲೆಕಟ್ಟಿನ ಬಾಲ ಎಷ್ಟು ಸಣ್ಣಗೆ ಬೇಕೋ ಅಷ್ಟು ಸಣ್ಣಗೆ ಬರುತ್ತದೆ. ಕಾಡಿಗೆ ಮಸಿಯ ನಿಧಾನದ ಕೈ ಇಲ್ಲಿ ನಡೆಯುವುದಿಲ್ಲ. ಮೊನೆ ಊರಿ ನಿಂತರೆ ಅಲ್ಲೊಂದು ಕೆರೆಯೇ ಆಗುತ್ತದೆ.

ಇದಕ್ಕೊಂದು ಕೆಟ್ಟ ಗುಣವೂ ಇದೆ. ಮಸಿ ಹುಳಿ, ಅನ್ನಭೇದಿ ಜಾಸ್ತಿಯಾದರೆ ಉಳಿದ ಕಬ್ಬಿಣ ಕಾಗದದ ನಾರನ್ನು ವರ್ಷಾನುಗಟ್ಟಲೆ ತಿನ್ನುತ್ತಾ ಹೋಗುತ್ತದೆ. ಅಕ್ಷರ ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ಅಕ್ಷರದ ಆಕಾರದಲ್ಲೇ ಕಾಗದ ಉದುರುತ್ತದೆ. ಸಂಗೀತಗಾರ ಬಾಖ್‌ನ ಕೈಬರಹದ ಹಾಳೆಗಳಿಗೂ ಇದೇ ಗತಿ ಬಂದು, ಅವನ್ನು ಉಳಿಸಲು ದೊಡ್ಡ ಕೆಲಸವೇ ನಡೆಯಿತು. ಮಾಚಿಕಾಯಿ ಮೂರು ಪಾಲು, ಅನ್ನಭೇದಿ ಒಂದೇ ಪಾಲು ಎಂದು ನಾನು ಕೈ ಬಿಗಿ ಹಿಡಿದದ್ದು ಅದಕ್ಕೇ. ಫೌಂಟನ್ ಪೆನ್ನಿಗಂತೂ ಇದನ್ನು ತುಂಬಲೇಬಾರದು. ಸ್ಟೀಲ್ ನಿಬ್ಬಿನಲ್ಲಿ ಬರೆದರೆ ಕೂಡಲೇ ತೊಳೆದು ಒರೆಸಬೇಕು, ಇಲ್ಲದಿದ್ದರೆ ತುಕ್ಕು. ಬಿದಿರಿಗೆ ಆ ತಾಪತ್ರಯವಿಲ್ಲ.

ಹೂವು, ಹಣ್ಣಿನ ಬಣ್ಣಗಳ ಬಗ್ಗೆ ಜಾಸ್ತಿ ಹೇಳಲಾರೆ. ಮಾಡಲು ಚೆಂದ, ಬಾಳಿಕೆ ಇಲ್ಲ. ಅರಿಸಿನ, ಬೀಟ್‌ರೂಟ್, ಶಂಖಪುಷ್ಪ ಮೂರರಲ್ಲೂ ಗೆರೆ ಎಳೆದು, ಅರ್ಧಕ್ಕೆ ದಪ್ಪ ಕಾಗದ ಮುಚ್ಚಿ ಕಿಟಕಿಗೆ ಅಂಟಿಸಿದೆ. ಕೆಲವೇ ದಿನಕ್ಕೆ ಬಿಸಿಲು ಬಿದ್ದ ಅರ್ಧ ಪೇಲವವಾಯಿತು. ಶಂಖಪುಷ್ಪದ್ದು ಇನ್ನೊಂದು ಆಟ. ನಿಂಬೆರಸ ಹಾಕಿದರೆ ನೀಲಿ ಹೋಗಿ ನೇರಳೆ. ಆ ನೇರಳೆಯಲ್ಲಿ ಬರೆದರೆ ಕೆಲವು ಕಾಗದದ ಮೇಲೆ ಮತ್ತೆ ನೀಲಿಗೆ ತಿರುಗುತ್ತದೆ, ಕಾಗದ ಬೇಗ ಹಾಳಾಗದಿರಲಿ ಎಂದು ತಯಾರಕರು ಸೇರಿಸುವ ಸುಣ್ಣದಂಶ ಮಾಡುವ ಕೆಲಸ ಅದು. ಶುಭಾಶಯ ಪತ್ರಕ್ಕೆ ಓಕೆ, ಗೋಡೆಗೆ ತೂಗುಹಾಕುವ ಬರಹಕ್ಕೆ ಬೇಡ.

ದಾಳಿಂಬೆ ಸಿಪ್ಪೆಯ ಮಸಿ ಮಾತ್ರ ಬೇರೆ ಸಾಲಿನದು. ಸಿಪ್ಪೆ ಕುದಿಸಿ ಬತ್ತಿಸಿ, ಚಿಟಿಕೆ ಪಟಿಕ ಹಾಕಿದರೆ ಹಳದಿ ಮಿಶ್ರಿತ ಕಂದು ಬಣ್ಣ. ಒಂದೆರಡು ಹರಳು ಅನ್ನಭೇದಿ ಬಿದ್ದರೆ ಬೂದುಗಪ್ಪು. ಇದು ಆಚೆಯದು ಕಾಣುವಂಥ ಮಸಿ. ಎರಡು ಹೋಳು ಸೇರಿದ ಕಡೆ ಬಣ್ಣದ ಮೇಲೆ ಬಣ್ಣ ಬಿದ್ದು ಗಾಢವಾಗುತ್ತದೆ. ಅಂದರೆ ಅಕ್ಷರವನ್ನು ಎಲ್ಲಿ ಶುರು ಮಾಡಿ ಎಲ್ಲಿ ಬಿಟ್ಟಿದ್ದೀರಿ ಎಂಬುದನ್ನೆಲ್ಲ ನೋಡಿದವರಿಗೆ ಹೇಳಿಬಿಡುತ್ತದೆ. ಕಾಡಿಗೆ ಮಸಿಯಲ್ಲಿ ಸುಮ್ನೆ ಮುಚ್ಚಿಹೋಗುತ್ತಿದ್ದ ಜೋಡಣೆಗಳನ್ನು ಇದು ಎತ್ತಿ ತೋರಿಸಿತು. ಮೊದಲು ಕಿರಿಕಿರಿ ಎನಿಸಿತ್ತು. ಈಗ ಅದನ್ನೇ ಬೇಕೆಂದು ಇಟ್ಟುಕೊಳ್ಳುತ್ತೇನೆ. ಹೋಳುಗಳು ಪ್ರತಿ ಅಕ್ಷರದಲ್ಲೂ ಅದೇ 11, ಅದೇ 5ರಲ್ಲಿ ಸೇರಿದರೆ ಸಾಲಿನುದ್ದಕ್ಕೂ ಗಾಢ ಚುಕ್ಕೆಗಳ ಒಂದು ತಾಳ ಬರುತ್ತದೆ. ಬಾಟಲಿ ಶಾಯಿಯಲ್ಲಿ ಇದು ನನಗೆ ಕಂಡೇ ಇರಲಿಲ್ಲ.

ಕಾಗದದ ವಿಷಯ ಎರಡೇ ಮಾತು. ಮಸಿ ಹಬ್ಬುತ್ತಿದ್ದರೆ ಮೊದಲು ಒಂದು ತೊಟ್ಟು ಗೋಂದು ಸೇರಿಸಿ ನೋಡಿ. ಆಗಲೂ ನಿಲ್ಲದಿದ್ದರೆ ತಪ್ಪು ಕಾಗದದ್ದು. ತೆಳುವಾದ ಜೆಲಟಿನ್ ನೀರನ್ನು ಬ್ರಷ್ಷಿನಲ್ಲಿ ಹಚ್ಚಿ ಒಣಗಿಸಿದರೆ ಹೀರುವುದು ಕಡಿಮೆಯಾಗುತ್ತದೆ.

ಸದ್ಯಕ್ಕೆ ನನ್ನನ್ನು ಕಾಡುತ್ತಿರುವುದು ಒತ್ತಕ್ಷರ. 4 ಮಿ.ಮೀ. ಮೊನೆಯಲ್ಲಿ 'ಷ್ಟ್ರ' ಬರೆದರೆ ಕೆಳಗಿನ ಎರಡು ಒತ್ತುಗಳು ಮಸಿ ತುಂಬಿಕೊಂಡು ಮುದ್ದೆಯಾಗುತ್ತವೆ. ಒತ್ತಿಗೆ 2 ಮಿ.ಮೀ. ಮೊನೆಯ ಬೇರೆ ಲೇಖನಿ ಕೆತ್ತಿದ್ದೇನೆ. ಆದರೆ ಅದರ ಸೀಳು ಸಣ್ಣದು, ಕಾಡಿಗೆ ಮಸಿ ಇಳಿಯುತ್ತಿಲ್ಲ, ಮಾಚಿಕಾಯಿ ಮಸಿ ಇಳಿಯುತ್ತದೆ. ಮೇಲೆ ಒಂದು ಕಪ್ಪು, ಕೆಳಗೆ ಇನ್ನೊಂದು ಕಪ್ಪು ಆದರೆ ಕಣ್ಣಿಗೆ ಹೊಂದುವುದಿಲ್ಲ. ಹಾಗಾಗಿ ಕಾಡಿಗೆ ಮುದ್ದೆಯ ಒಂದು ಪಾಲನ್ನು ಗೋಂದು ಕಡಿಮೆ ಮಾಡಿ, ಇನ್ನಷ್ಟು ನುಣ್ಣಗೆ ಅರೆದು ಬೇರೆ ಬಾಟಲಿಯಲ್ಲಿಟ್ಟಿದ್ದೇನೆ. ಅದು ಬೆರಳಿಗೆ ಹತ್ತುತ್ತದೋ ಇಲ್ಲವೋ ನೋಡಬೇಕು.